ನಾಲ್ಕೂಕಾಲು ಪಣದ ದಂತ: ಅರ್ಥಶಾಸ್ತ್ರದ ಒಂದು ವಾಕ್ಯದ ಮರುಪರಿಶೀಲನೆ

ಆನೆಯನ್ನು ಕೊಂದವನಿಗೆ ಮರಣದಂಡನೆ ಎಂಬ ಅರ್ಥಶಾಸ್ತ್ರದ ವಿಧಿ ಈಗ ಎಲ್ಲರ ಬಾಯಲ್ಲೂ ಇದೆ. ವನ್ಯಜೀವಿ ಸಪ್ತಾಹದ ಭಾಷಣಗಳಲ್ಲಿ, ಕಿರುಹೊತ್ತಗೆಗಳಲ್ಲಿ, ಕೊನೆಗೆ ಪಿಎಚ್.ಡಿ. ಪ್ರಬಂಧಗಳಲ್ಲೂ ಅದು ಪ್ರಾಣಿದಯೆಯ ಪ್ರಾಚೀನ ಶಾಸನವೆಂದು ಕಾಣಿಸಿಕೊಳ್ಳುತ್ತದೆ. ಹಾಗೆ ಬರೆಯುವವರಲ್ಲಿ ಬಹುಮಂದಿ ಮುಂದಿನ ವಾಕ್ಯವನ್ನು ಓದುವುದಿಲ್ಲ, ಓದಿದವರು ಕೈಬಿಡುತ್ತಾರೆ. ಎರಡನೆಯ ಅಧಿಕರಣದ ಎರಡನೆಯ ಅಧ್ಯಾಯದಲ್ಲಿ ಆ ದಂಡನೆಯ ಬೆನ್ನಿಗೇ ಬರುವುದು ದಂತದ ಮಾತು. ತಾನಾಗಿ ಸತ್ತ ಆನೆಯ ದಂತದ ಜೋಡಿಯನ್ನು ತಂದೊಪ್ಪಿಸಿದವನಿಗೆ ಇಷ್ಟು ಪಣ ಎಂದು ಅಲ್ಲಿ ಗೊತ್ತುಮಾಡಿದೆ. ಆ ‘ಇಷ್ಟು’ ಎಷ್ಟು ಎಂಬಲ್ಲಿಂದ ನನ್ನ ತಕರಾರು ಶುರುವಾಗುತ್ತದೆ.

ಆರ್. ಶಾಮಶಾಸ್ತ್ರಿಗಳು ೧೯೧೫ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದದಲ್ಲಿ ಅದು ನಾಲ್ಕೂವರೆ ಪಣ. ಮೂಲದ ಪದ ‘ಸಪಾದ’. ಪಾದವೆಂದರೆ ನಾಲ್ಕರಲ್ಲೊಂದು ಪಾಲು. ಇದಕ್ಕೆ ನಿಘಂಟು ತೆರೆಯಬೇಕಾಗಿಯೂ ಇಲ್ಲ, ನಡೆಯುವ ಅಂಗಕ್ಕೂ ನಾಲ್ಕನೆಯ ಒಂದು ಭಾಗಕ್ಕೂ ಕನ್ನಡದಲ್ಲಿ ‘ಕಾಲು’ ಎಂದೇ ಹೇಳುತ್ತೇವೆ. ಆದ್ದರಿಂದ ಅದು ನಾಲ್ಕೂಕಾಲು ಪಣ. ಆರ್. ಪಿ. ಕಾಂಗ್ಲೆಯವರು ೧೯೬೦ರ ದಶಕದಲ್ಲಿ ಹೊರತಂದ ಸಂಪಾದನೆ ಮತ್ತು ಅನುವಾದ ಕೈಗೆ ಸಿಕ್ಕು ಅರ್ಧ ಶತಮಾನವಾದರೂ ಹಳೆಯ ನಾಲ್ಕೂವರೆ ಇನ್ನೂ ಓಡಾಡುತ್ತಿದೆ. ಶಾಮಶಾಸ್ತ್ರಿಗಳ ಮೇಲೆ ನನಗೆ ದೂರಿಲ್ಲ. ತಂಜಾವೂರು ಸೀಮೆಯಿಂದ ೧೯೦೫ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ಓಲೆಗರಿಯನ್ನು ಗುರುತಿಸಿ, ೧೯೦೯ರಲ್ಲಿ ಅಚ್ಚಿಗೆ ಕೊಟ್ಟವರು ಅವರು. ಅವರಿಲ್ಲದಿದ್ದರೆ ಈ ಚರ್ಚೆಯೇ ಇರುತ್ತಿರಲಿಲ್ಲ. ನನ್ನ ಅಸಹನೆಯೆಲ್ಲ ನೂರು ವರ್ಷ ಅವರ ಅಂಕಿಯನ್ನು ನಕಲು ಮಾಡುತ್ತ, ಮೂಲವನ್ನು ತೆರೆದು ನೋಡದವರ ಮೇಲೆ.

ಕಾಲು ಪಣದಿಂದ ಏನಾಗುತ್ತದೆ ಎಂದು ಕೇಳಬಹುದು. ಅಂಕಿಯಿಂದ ಹೆಚ್ಚೇನೂ ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಇಲ್ಲಿ ಕಣ್ಣು ಜಾರಿದೆ ಎಂಬುದಕ್ಕೆ ಅದು ಗುರುತು. ಅಂಕಿಯ ಪಕ್ಕದಲ್ಲೇ ಇರುವ ‘ಲಾಭ’ ಎಂಬ ಪದದ ಮೇಲೂ ಹೀಗೇ ಕಣ್ಣು ಜಾರಿದೆ. ಬೆಲೆಗೆ ಅರ್ಘ, ಮೂಲ್ಯ ಎಂಬ ಪದಗಳು ಇದೇ ಗ್ರಂಥದಲ್ಲಿ ಧಾರಾಳವಾಗಿ ಬಳಕೆಯಲ್ಲಿವೆ. ಗ್ರಂಥಕಾರ ಇಲ್ಲಿ ಅವನ್ನು ಬಳಸಿಲ್ಲ. ದಂತ ತಂದವನು ಮಾರುವವನಲ್ಲ, ಅರಸನ ಸೊತ್ತನ್ನು ಹೊತ್ತು ತಂದವನು. ಸಿಗುವುದು ಬೆಲೆಯಲ್ಲ, ಇನಾಮು. ಲಾಭವೆಂದರೆ ಬರಿದೇ ‘ಸಿಕ್ಕಿದ್ದು’, ಅದಕ್ಕೆ ಇಷ್ಟೊಂದು ಭಾರ ಹೇರಬಾರದು ಎಂದು ಆಕ್ಷೇಪಿಸುವವರು ಅದೇ ಅಧಿಕರಣದಲ್ಲಿ ಕಾಡಿನ ಉತ್ಪನ್ನ ನೋಡಿಕೊಳ್ಳುವ ಕುಪ್ಯಾಧ್ಯಕ್ಷನ ಅಧ್ಯಾಯವನ್ನು ನೋಡಲಿ. ಚರ್ಮ, ಮೂಳೆ, ಹಲ್ಲು, ಕೊಂಬು ಸಂಗ್ರಹಿಸಬೇಕಾದ ಪ್ರಾಣಿಗಳ ಪಟ್ಟಿಯಲ್ಲಿ ಹುಲಿ, ಸಿಂಹಗಳ ಸಾಲಿನಲ್ಲೇ ಆನೆಯೂ ಇದೆ. ಕಾಡಿನ ದಂತ ಉಗ್ರಾಣದ ಸರಕು.

ಇನಾಮು ಎಷ್ಟು ದೊಡ್ಡದು? ಐದನೆಯ ಅಧಿಕರಣದ ವೇತನಪಟ್ಟಿಯ ತೀರ ಕೆಳಗಿನ ಸಾಲಿನಲ್ಲಿ ದನಕರು, ಆಳುಕಾಳು ನೋಡಿಕೊಳ್ಳುವವರಿದ್ದಾರೆ, ಅವರಿಗೆ ಅರವತ್ತು ಪಣ. ಇದು ವರ್ಷದ ವೇತನವೆಂದೇ ನಾನು ಓದುತ್ತೇನೆ. ಹಾಗಾದರೆ ತಿಂಗಳಿಗೆ ಐದು ಪಣ. ಒಂದು ಜೋಡಿ ದಂತಕ್ಕೆ ಅಷ್ಟೂ ಇಲ್ಲ. ಅದೇ ಪಟ್ಟಿಯಲ್ಲಿ ಆನೆಗಾಡಿನ ಪಾಲಕನಿಗೆ ನಾಲ್ಕು ಸಾವಿರ. ಏಳನೆಯ ಅಧಿಕರಣದಲ್ಲಿ ವ್ಯಾಪಾರದ ದಾರಿಗಳನ್ನು ತೂಗುವಾಗ, ಹಿಮಾಲಯದ ದಾರಿಯೇ ಮೇಲು ಎನ್ನುವ ಆಚಾರ್ಯರು ಆನೆ, ಕುದುರೆ, ಚಿನ್ನ, ಬೆಳ್ಳಿಗಳ ಜೊತೆಗೆ ದಂತವನ್ನೂ ಎಣಿಸುತ್ತಾರೆ. ಚಿನ್ನದ ಸಾಲಿನಲ್ಲಿ ಕೂರುವ ಸರಕನ್ನು ಕಾಡಿನವನ ಕೈಯಿಂದ ತಿಂಗಳ ಕೂಲಿಗಿಂತ ಕಡಿಮೆಗೆ ತೆಗೆದುಕೊಳ್ಳುವ ಏರ್ಪಾಡು ಇದು. ಕೊಂದರೆ ತಲೆ ಹೋಗುತ್ತದೆ, ತಂದರೆ ನಾಲ್ಕೂಕಾಲು ಪಣ ಬರುತ್ತದೆ. ಎರಡೂ ವಾಕ್ಯ ಕೂಡಿ ದಂತದ ಮೇಲೆ ಅರಸನ ಏಕಸ್ವಾಮ್ಯವನ್ನು ಕಟ್ಟುತ್ತವೆ.

ಥಾಮಸ್ ಟ್ರೌಟ್‌ಮನ್ ೨೦೧೫ರ ತಮ್ಮ ಪುಸ್ತಕದಲ್ಲಿ, ಯುದ್ಧಕ್ಕೆ ಆನೆ ಬೇಕಾಗಿದ್ದರಿಂದಲೇ ಭಾರತದ ಅರಸರು ಆನೆಗಾಡನ್ನು ಉಳಿಸಿದರು ಎಂದು ವಾದಿಸಿದ್ದಾರೆ. ದಯೆಯ ಕಥೆಗಿಂತ ಅದು ಸಾವಿರ ಪಾಲು ಮೇಲು. ನನ್ನ ತಿದ್ದುಪಡಿ ಚಿಕ್ಕದು: ಕಾಡಿನ ಗಡಿ ಕಾಯಲು ಸೇನೆಯ ಅಗತ್ಯದ ಜೊತೆಗೆ ದಂತದ ಅಗತ್ಯವೂ ಇತ್ತು. ಅರ್ಥಶಾಸ್ತ್ರ ಕೊಡುವ, ಹಿಡಿಯಬಾರದ ಆನೆಗಳ ಪಟ್ಟಿಯಲ್ಲಿ ಮರಿ, ರೋಗಿ, ಗಬ್ಬದ ಆನೆಗಳ ಜೊತೆ ‘ಮಕ್ಕಣ’ವೂ ಇದೆ. ನಮ್ಮ ಮಾವುತರು ಇಂದಿಗೂ ಮಕ್ನ ಎನ್ನುವ, ದಂತವಿಲ್ಲದ ಗಂಡಾನೆ ಅದು. ಮರಿಯನ್ನು ಬಿಟ್ಟದ್ದು ಕರುಣೆಯಿಂದ ಎನ್ನುವವರು ಮಕ್ನವನ್ನು ಬಿಟ್ಟದ್ದಕ್ಕೆ ಯಾವ ಕಾರಣ ಕೊಡುತ್ತಾರೆ?

ದಂತಕ್ಕಾಗಿ ಆನೆ ಸಾಯಬೇಕಾಗಿಯೂ ಇರಲಿಲ್ಲ. ಎರಡನೆಯ ಅಧಿಕರಣದ ಮೂವತ್ತೆರಡನೆಯ ಅಧ್ಯಾಯದ ಪ್ರಕಾರ ಬುಡದ ಸುತ್ತಳತೆಯ ಎರಡರಷ್ಟು ಉಳಿಸಿ ದಂತದ ತುದಿಯನ್ನು ಕತ್ತರಿಸಬೇಕು. ನದೀಪ್ರದೇಶದ ಆನೆಗೆ ಎರಡೂವರೆ ವರ್ಷಕ್ಕೊಮ್ಮೆ, ಬೆಟ್ಟದ ಆನೆಗೆ ಐದು ವರ್ಷಕ್ಕೊಮ್ಮೆ. ಈ ಅಳತೆ ಪಂಡಿತರ ಕಲ್ಪನೆ ಎಂದು ನಾನೂ ಒಂದು ಕಾಲಕ್ಕೆ ತಿಳಿದಿದ್ದೆ. ಆಮೇಲೆ ಆನೆ ಶಿಬಿರವೊಂದರಲ್ಲಿ ಕೊಯ್ಯುವುದನ್ನು ಕಣ್ಣಾರೆ ಕಂಡೆ. ಮಾವುತ ಆನೆಯನ್ನು ಮಲಗಿಸಿ ತುಟಿಯಂಚಿನಲ್ಲಿ ದಂತಕ್ಕೆ ದಾರ ಸುತ್ತಿದ, ಅದೇ ದಾರವನ್ನು ಉದ್ದಕ್ಕೆ ಹಿಡಿದು ಇದ್ದಿಲಿನಿಂದ ಗೆರೆ ಎಳೆದ. ಕಾವಾಡಿ ನೀರು ಹುಯ್ಯುತ್ತಿದ್ದಂತೆ ಗರಗಸ ಆಡಿತು, ಸುಟ್ಟ ಕೊಂಬಿನಂಥ ವಾಸನೆ ಎದ್ದಿತು. ಬುಡದ ಕಡೆ ದಂತದೊಳಗೆ ಜೀವ ಇರುತ್ತದೆ, ಅಲ್ಲಿಗೆ ಗರಗಸ ತಾಗಕೂಡದು ಎಂದ ಮಾವುತ. ಬಿದ್ದ ತುಂಡನ್ನು ಅಲ್ಲೇ ತೂಗಿ ಪುಸ್ತಕದಲ್ಲಿ ಬರೆದುಕೊಂಡರು.

ಆ ಪುಸ್ತಕ ನನ್ನನ್ನು ಮತ್ತೆ ಎರಡನೆಯ ಅಧ್ಯಾಯಕ್ಕೆ ಕರೆದೊಯ್ಯಿತು. ಆನೆ ತಾನಾಗಿ ಸತ್ತದ್ದೆಂದು ತಿಳಿಯುವುದು ಹೇಗೆ? ದಂತದ ವಾಕ್ಯವನ್ನು ಒಂಟಿಯಾಗಿ ಓದಿದವರಿಗೆ ಉತ್ತರ ಸಿಗದು. ಅದರ ನಂತರವೇ ಕಾವಲುಗಾರರ ವಿವರ ಬರುತ್ತದೆ. ಅವರು ಆನೆಯ ಗಂಜಲ, ಲದ್ದಿ ಮೈಗೆ ಬಳಿದು ಮನುಷ್ಯವಾಸನೆ ಮರೆಸಿಕೊಂಡು, ಭಲ್ಲಾತಕದ ಕೊಂಬೆಗಳ ಮರೆಯಲ್ಲಿ, ಐದೋ ಏಳೋ ಹೆಣ್ಣಾನೆಗಳೊಡನೆ ತಿರುಗುತ್ತಾರೆ. ಮಲಗಿದ ಜಾಗ, ಹೆಜ್ಜೆ, ಲದ್ದಿ, ಕುಸಿದ ದಡ ನೋಡಿ ಹಿಂಡನ್ನು ಅಳೆಯುತ್ತಾರೆ. ಹಿಂಡಿನದು, ಒಂಟಿ, ಮದವೇರಿದ್ದು, ಮರಿ, ಸೆರೆಯಿಂದ ಬಿಡಿಸಿಕೊಂಡದ್ದು ಎಂದು ಬರಹದಲ್ಲಿ ದಾಖಲಿಸಿ ತಿಳಿದಿರುತ್ತಾರೆ. ಬದುಕಿರುವ ಆನೆಯ ಲೆಕ್ಕವಿದ್ದರೆ ಮಾತ್ರ ಸತ್ತ ಆನೆಯ ಸಾವನ್ನು ವಿಚಾರಿಸಲು ಸಾಧ್ಯ. ದಂಡನೆ, ಇನಾಮು, ದಾಖಲೆ ಮೂರೂ ಒಂದೇ ಉಸಿರಿನ ಮಾತು. ಮೊದಲನೆಯದನ್ನು ಮಾತ್ರ ಕಿತ್ತು ಮೆರೆಸುವುದು ಗ್ರಂಥಕ್ಕೆ ಮಾಡುವ ಅನ್ಯಾಯ.

ಬ್ರಿಟಿಷರ ೧೮೭೯ರ ಆನೆ ಸಂರಕ್ಷಣಾ ಕಾಯ್ದೆಯೂ ಪರವಾನಗಿಯಿಲ್ಲದೆ ಕೊಂದ ಆನೆಯ ದಂತವನ್ನು ಸರ್ಕಾರದ ಸೊತ್ತೆಂದಿತು. ೧೯೮೯ರಲ್ಲಿ ಲೊಸಾನ್‌ನಲ್ಲಿ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ರಾಷ್ಟ್ರಗಳು ಆಫ್ರಿಕದ ಆನೆಯ ದಂತವ್ಯಾಪಾರ ನಿಷೇಧಿಸಿದ ಮೇಲೆ ಜಗಳವೆಲ್ಲ ಉಗ್ರಾಣದ ಸುತ್ತಲೇ ನಡೆದಿದೆ. ೨೦೦೮ರಲ್ಲಿ ಬೋಟ್ಸ್‌ವಾನ, ನಮೀಬಿಯ, ದಕ್ಷಿಣ ಆಫ್ರಿಕ, ಜಿಂಬಾಬ್ವೆಗಳು ನೂರು ಟನ್ನಿಗೂ ಮಿಕ್ಕ ದಂತವನ್ನು ಚೀನಾ, ಜಪಾನುಗಳಿಗೆ ಮಾರಿದಾಗ ಇದ್ದ ಕಟ್ಟು ಇದು: ದಂತ ಸರ್ಕಾರದ್ದಾಗಿರಬೇಕು, ನೋಂದಣಿಯಾಗಿರಬೇಕು, ಕಳ್ಳರಿಂದ ವಶಪಡಿಸಿಕೊಂಡದ್ದಾಗಲಿ ಮೂಲ ಗೊತ್ತಿಲ್ಲದ್ದಾಗಲಿ ಆಗಿರಕೂಡದು. ಸೈಟಿಸ್‌ನ ಆನೆಗಳ ಅಕ್ರಮ ಹತ್ಯೆಯ ಮೇಲೆ ನಿಗಾ ಇಡುವ ‘ಮೈಕ್’ ಯೋಜನೆಯಡಿ ಇಂದು ಮೈಸೂರು ಆನೆ ಮೀಸಲು ಪ್ರದೇಶದಲ್ಲೂ ಕಳೇಬರ ಸಿಕ್ಕಲ್ಲೆಲ್ಲ ಸಿಬ್ಬಂದಿ ನಮೂನೆ ತುಂಬಬೇಕು. ಅವರು ಬರೆಯಬೇಕಾದ ಮುಖ್ಯ ಸಂಗತಿ ಆನೆ ತಾನಾಗಿ ಸತ್ತಿತೋ, ಕೊಂದರೋ ಎಂಬುದು.