ಜಾಲೊ ಚಿತ್ರಗಳ ಪುನರುದ್ಧಾರ: ಕ್ಯಾಸೆಟ್ಟಿನಿಂದ 4ಕೆ ವರೆಗೆ

ಇಟಾಲಿಯನ್ ಭಾಷೆಯಲ್ಲಿ ‘ಜಾಲೊ’ ಎಂದರೆ ಹಳದಿ. ಮೊಂಡಾದೊರಿ ಪ್ರಕಾಶನ ಸಂಸ್ಥೆ 1929ರಲ್ಲಿ ಹಳದಿ ರಕ್ಷಾಪುಟದ ಪತ್ತೇದಾರಿ ಕಾದಂಬರಿಗಳ ಮಾಲೆಯೊಂದನ್ನು ಆರಂಭಿಸಿತು. ಆ ಮಾಲೆ ಎಷ್ಟು ಮನೆಮಾತಾಯಿತೆಂದರೆ ಪತ್ತೇದಾರಿ ಕಥೆಗೇ ಇಟಲಿಯಲ್ಲಿ ಜಾಲೊ ಎಂಬ ಹೆಸರು ನಿಂತಿತು. ಹೊರದೇಶಗಳ ಸಿನಿಮಾ ಪ್ರಿಯರು ಮಾತ್ರ ಈ ಪದವನ್ನು 1960 ಮತ್ತು 70ರ ದಶಕಗಳ ಒಂದು ಬಗೆಯ ಕೊಲೆ ರಹಸ್ಯದ ಚಿತ್ರಗಳಿಗೆ ಬಳಸುತ್ತಾರೆ. ಕಪ್ಪು ಕೈಗವಸು ತೊಟ್ಟ, ಮುಖ ಕಾಣದ ಕೊಲೆಗಾರ, ಕಣ್ಣು ಕುಕ್ಕುವ ಬಣ್ಣ, ಕಣ್ಣಾರೆ ಕಂಡರೂ ಕಂಡದ್ದೇನೆಂದು ತಿಳಿಯದ ಸಾಕ್ಷಿ: ಇವೇ ಆ ಚಿತ್ರಗಳ ಗುರುತು. ಮಾರಿಯೊ ಬಾವಾ 1963ರಲ್ಲಿ ‘ದಿ ಗರ್ಲ್ ಹೂ ನ್ಯೂ ಟೂ ಮಚ್’, ಮರುವರ್ಷ ‘ಬ್ಲಡ್ ಆ್ಯಂಡ್ ಬ್ಲ್ಯಾಕ್ ಲೇಸ್’ ತೆಗೆದು ದಾರಿ ಹಾಕಿಕೊಟ್ಟರು. 1970ರಲ್ಲಿ ಡಾರಿಯೊ ಅರ್ಜೆಂಟೊ ಅವರ ಮೊದಲ ಚಿತ್ರ ‘ದಿ ಬರ್ಡ್ ವಿತ್ ದ ಕ್ರಿಸ್ಟಲ್ ಪ್ಲೂಮೇಜ್’ ಗೆದ್ದ ಮೇಲೆ ಇಂಥ ಚಿತ್ರಗಳು ಸಾಲುಸಾಲಾಗಿ ಬಂದವು. ಅವುಗಳಲ್ಲಿ ಬಹುಪಾಲು ಬೇಗನೆ ಮರೆತುಹೋದವು.

ಈ ಚಿತ್ರಗಳಿಗೆ ಪುನರುದ್ಧಾರ ಯಾಕೆ ಬೇಕು ಎಂಬುದಕ್ಕೆ ಅರ್ಜೆಂಟೊ ಅವರ ‘ಡೀಪ್ ರೆಡ್’ (1975) ಒಂದೇ ಸಾಕು. ಪಿಯಾನೊ ವಾದಕನೊಬ್ಬ ಕೊಲೆಯ ಸುಳಿವು ಸಿಕ್ಕಿ ಒಂದು ಮನೆಯೊಳಕ್ಕೆ ಓಡುತ್ತಾನೆ. ಗೋಡೆ ತುಂಬ ಚಿತ್ರಪಟಗಳಿರುವ ಓಣಿಯನ್ನು ದಾಟಿಹೋಗುತ್ತಾನೆ. ಅಲ್ಲಿದ್ದ ಒಂದು ಪಟ ಆಮೇಲೆ ಕಾಣೆಯಾಗಿದೆ ಎಂದು ಅವನಿಗೆ ಅನ್ನಿಸುತ್ತಲೇ ಇರುತ್ತದೆ. ಅದು ಪಟವಲ್ಲ, ಕನ್ನಡಿ. ಅದರಲ್ಲಿ ಮೂಡಿದ್ದು ಕೊಲೆಗಾರ ವ್ಯಕ್ತಿಯ ಮುಖ. ನಿರ್ದೇಶಕರು ಆ ಮುಖವನ್ನು ಪ್ರೇಕ್ಷಕನಿಗೂ ಅದೇ ಕ್ಷಣದಲ್ಲಿ ತೋರಿಸಿಬಿಟ್ಟಿರುತ್ತಾರೆ. ಮಸುಕಾದ, ಅಂಚು ಕತ್ತರಿಸಿದ ಕ್ಯಾಸೆಟ್ಟಿನಲ್ಲಿ ನೋಡಿದವನಿಗೆ ಈ ಅವಕಾಶವೇ ಇಲ್ಲ. ಜಾಲೊದಲ್ಲಿ ಚಿತ್ರದ ಮೂಲೆ, ಬಣ್ಣ, ನೆರಳುಗಳೇ ಸಾಕ್ಷ್ಯ. ಅವು ಅಳಿಸಿದರೆ ಕಥೆಯೇ ಮುಕ್ಕಾಗುತ್ತದೆ.

1980ರ ದಶಕದ ವಿಎಚ್‌ಎಸ್ ಕಾಲದಲ್ಲಿ ಆದದ್ದು ಅದೇ. ಅಗಲ ಎತ್ತರದ 2.35 ಪಟ್ಟು ಇರುವ ಚೌಕಟ್ಟನ್ನು ಅಂದಿನ ಟಿವಿಯ 1.33 ಪಟ್ಟಿನ ಚೌಕಟ್ಟಿಗೆ ತುಂಬಿದಾಗ ಚಿತ್ರದ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು ಹೊರಗೆ ಬಿತ್ತು. ಮಾತನಾಡುವ ಇಬ್ಬರಲ್ಲಿ ಒಬ್ಬರು ಮಾತ್ರ ಕಾಣುತ್ತಿದ್ದರು. ಒಂದೇ ಚಿತ್ರ ದೇಶಕ್ಕೊಂದು ಹೆಸರಿನಲ್ಲಿ, ದೇಶಕ್ಕೊಂದು ಉದ್ದದಲ್ಲಿ ಮಾರಾಟವಾಯಿತು. ಬ್ರಿಟನ್ನಿನಲ್ಲಿ 1984ರ ವಿಡಿಯೊ ರೆಕಾರ್ಡಿಂಗ್ಸ್ ಕಾಯಿದೆಯ ಸುತ್ತಮುತ್ತಲಿನ ವರ್ಷಗಳಲ್ಲಿ ಬಾವಾ ಅವರ ‘ಎ ಬೇ ಆಫ್ ಬ್ಲಡ್’, ಅರ್ಜೆಂಟೊ ಅವರ ‘ಟೆನೆಬ್ರೆ’ ಎರಡೂ ‘ವಿಡಿಯೊ ನ್ಯಾಸ್ಟಿ’ಗಳ, ಅಂದರೆ ಅಶ್ಲೀಲವೆಂದು ಮೊಕದ್ದಮೆಗೆ ಗುರಿಯಾಗಬಹುದಾದ ಕ್ಯಾಸೆಟ್ಟುಗಳ ಪಟ್ಟಿಗೆ ಸೇರಿ ಅಂಗಡಿಗಳಿಂದ ಮಾಯವಾದವು.

ತಾಂತ್ರಿಕವಾಗಿಯೂ ಈ ಚಿತ್ರಗಳದ್ದು ಬೇರೆಯೇ ತೊಡಕು. 35 ಎಂಎಂ ಫಿಲ್ಮಿನಲ್ಲಿ ಸಾಮಾನ್ಯವಾಗಿ ಒಂದು ಫ್ರೇಮು ಅಂಚಿನ ನಾಲ್ಕು ರಂಧ್ರಗಳ ಎತ್ತರದಷ್ಟು ಜಾಗ ಹಿಡಿಯುತ್ತದೆ. ಇಟಲಿಯ ಟೆಕ್ನಿಕಲರ್ ಘಟಕ 1960ರ ಹೊತ್ತಿಗೆ ತಂದ ಟೆಕ್ನಿಸ್ಕೋಪ್ ಪದ್ಧತಿಯಲ್ಲಿ ಎರಡೇ ರಂಧ್ರ. ಅರ್ಧ ಫಿಲ್ಮಿನಲ್ಲಿ ಅಗಲ ಪರದೆಯ ಚಿತ್ರ ಮುಗಿಯುತ್ತಿದ್ದುದರಿಂದ ಕಡಿಮೆ ಬಂಡವಾಳದ ನಿರ್ಮಾಪಕರಿಗೆ ಇದು ವರವಾಯಿತು. ಆದರೆ ಚಿತ್ರಮಂದಿರಕ್ಕೆ ಪ್ರಿಂಟ್ ಹಾಕುವಾಗ ಆ ಪುಟ್ಟ ಫ್ರೇಮನ್ನು ನಾಲ್ಕು ರಂಧ್ರದ ಅಳತೆಗೆ ಹಿಗ್ಗಿಸಬೇಕಿತ್ತು. ಹಿಗ್ಗಿಸಿದಂತೆ ಫಿಲ್ಮಿನ ಕಾಳು (ಗ್ರೇನ್) ದಪ್ಪವಾಗುತ್ತಿತ್ತು, ಗೆರೆಗಳ ಹರಿತ ಹೋಗುತ್ತಿತ್ತು. ಕ್ಯಾಸೆಟ್ಟುಗಳು ಬಂದದ್ದು ಸಾಮಾನ್ಯವಾಗಿ ಇಂಥ ಪ್ರಿಂಟುಗಳಿಂದ. ಇಂದಿನ ಸ್ಕ್ಯಾನರಿಗೆ ಈ ಹಂತವೇ ಬೇಡ. ಕ್ಯಾಮೆರಾದಲ್ಲಿ ಓಡಿದ ಮೂಲ ನೆಗೆಟಿವ್ ಉಳಿದಿದ್ದರೆ ಅದನ್ನೇ ನೇರವಾಗಿ ಓದುತ್ತದೆ. 1971ರ ಪ್ರೇಕ್ಷಕ ಥಿಯೇಟರಿನಲ್ಲಿ ಕಂಡದ್ದಕ್ಕಿಂತ ನಿಚ್ಚಳವಾದ ಚಿತ್ರ ಇಂದು ಮನೆಯ ಟಿವಿಯಲ್ಲಿ ಮೂಡುವುದು ಹೀಗೆ.

ಡಿವಿಡಿ ಬಂದಾಗ ಮೊದಲ ನಿಜವಾದ ತಿರುವು ಸಿಕ್ಕಿತು. 2002ರಲ್ಲಿ ಅಮೆರಿಕದ ಆ್ಯಂಕರ್ ಬೇ ಸಂಸ್ಥೆ ನಾಲ್ಕು ಚಿತ್ರಗಳ ಜಾಲೊ ಪೆಟ್ಟಿಗೆಯನ್ನು ಹೊರತಂದಿತು. ಆಲ್ಡೊ ಲಾಡೊ ಅವರ ‘ಶಾರ್ಟ್ ನೈಟ್ ಆಫ್ ಗ್ಲಾಸ್ ಡಾಲ್ಸ್’ (1971) ಅದರಲ್ಲೊಂದು. ಮುಂದೆ ಬ್ಲೂ ಅಂಡರ್‌ಗ್ರೌಂಡ್, ಸೆವೆರಿನ್, ಆ್ಯರೊ, ವಿನೆಗರ್ ಸಿಂಡ್ರೋಮ್ ಮೊದಲಾದ ಸಣ್ಣ ಸಂಸ್ಥೆಗಳು ಈ ಕೆಲಸವನ್ನು ಕೈಗೆತ್ತಿಕೊಂಡವು.

ಈ ಚರಿತ್ರೆಯಲ್ಲಿ ನಿಂತು ನೋಡಬೇಕಾದದ್ದು ಜೂಲಿಯೊ ಕ್ವೆಸ್ಟಿ ಅವರ ‘ಡೆತ್ ಲೇಡ್ ಆ್ಯನ್ ಎಗ್’ (1968). ಕಥೆ ನಡೆಯುವುದು ಯಂತ್ರಗಳೇ ನಡೆಸುವ ಕೋಳಿ ಫಾರಮಿನಲ್ಲಿ. ಜಾನ್ ಲೂಯಿ ತ್ರಂತಿನ್ಯಾಂ, ಜೀನಾ ಲೊಲ್ಲೊಬ್ರಿಜಿದಾ ಅವರಂಥ ತಾರೆಯರು, ಬ್ರೂನೊ ಮದೆರ್ನಾ ಅವರ ಕಿವಿ ಚುಚ್ಚುವ ಸಂಗೀತ, ಫ್ರಾಂಕೊ ಅರ್ಕಲ್ಲಿ ಅವರ ಚೂರು ಚೂರಾದ ಸಂಕಲನ. ಇಷ್ಟೆಲ್ಲ ಇದ್ದರೂ ದಶಕಗಳ ಕಾಲ ಹೊರಗೆ ಚಲಾವಣೆಯಲ್ಲಿದ್ದದ್ದು ಸುಮಾರು 90 ನಿಮಿಷದ ರೂಪ. 2010ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ನ್ಯೂಕ್ಲಿಯಸ್ ಫಿಲ್ಮ್ಸ್ ಸುಮಾರು 105 ನಿಮಿಷದ ಪೂರ್ಣ ರೂಪವನ್ನು ಬ್ಲೂರೇಯಲ್ಲಿ ತಂದಿತು. ನಾಯಕನ ಹಳೆಯ ಗೆಳೆಯನೊಬ್ಬನ ಎಳೆ ಆಗ ಕಥೆಗೆ ಮರಳಿತು. ಬರೀ ವಿಚಿತ್ರ ಎನಿಸಿದ್ದ ಚಿತ್ರ ದುಡಿಮೆ, ದುಡ್ಡು, ದಾಂಪತ್ಯಗಳ ಬಗೆಗಿನ ಸಿಟ್ಟಿನ ಚಿತ್ರವಾಗಿ ಕಾಣತೊಡಗಿತು. ಜಾಲೊ ಪುನರುದ್ಧಾರದ ಅತ್ಯುತ್ತಮ ಕೆಲಸಗಳಲ್ಲಿ ಇದನ್ನು ಎಣಿಸಲೇಬೇಕು.

ಲೂಚಿಯೊ ಫುಲ್ಚಿ ಅವರ ‘ಎ ಲಿಝರ್ಡ್ ಇನ್ ಎ ವುಮನ್ಸ್ ಸ್ಕಿನ್’ (1971) ಕೂಡ ಹಲವು ಉದ್ದಗಳಲ್ಲಿ ಚದುರಿಹೋಗಿತ್ತು. ಅದರಲ್ಲಿನ ಸೀಳಿದ ನಾಯಿಗಳ ದೃಶ್ಯ ಎಷ್ಟು ನಿಜವೆನಿಸಿತೆಂದರೆ, ಅವು ಕೃತಕವೆಂದು ತೋರಿಸಲು ಸ್ಪೆಷಲ್ ಎಫೆಕ್ಟ್ಸ್ ಕಲಾವಿದ ಕಾರ್ಲೊ ರಾಂಬಾಲ್ದಿ ತಾವು ಮಾಡಿದ ಗೊಂಬೆಗಳನ್ನು ನ್ಯಾಯಾಲಯಕ್ಕೆ ಒಯ್ಯಬೇಕಾಯಿತು. ಹಲವು ಮೂಲಗಳನ್ನು ಒಂದುಗೂಡಿಸಿದ ಮೇಲೆಯೇ ಚಿತ್ರದ ತುಂಬು ರೂಪ ಮನೆಗಳಿಗೆ ಬಂತು.

ಧ್ವನಿಯ ಕಥೆಯೂ ಸರಳವಲ್ಲ. ಅಂದಿನ ಇಟಲಿಯಲ್ಲಿ ಮಾತನ್ನು ಚಿತ್ರೀಕರಣದ ಬಳಿಕ ಸ್ಟುಡಿಯೊದಲ್ಲಿ ಸೇರಿಸುತ್ತಿದ್ದರು. ಇಟಾಲಿಯನ್ನೂ ಡಬ್ಬಿಂಗೇ, ಇಂಗ್ಲಿಷೂ ಡಬ್ಬಿಂಗೇ. ‘ಡೀಪ್ ರೆಡ್’ ಚಿತ್ರದ ಪೂರ್ಣ ರೂಪವನ್ನು ಇಂಗ್ಲಿಷಿನಲ್ಲಿ ಹಾಕಿಕೊಂಡವರಿಗೆ ನಡುನಡುವೆ ಪಾತ್ರಗಳು ತಟ್ಟನೆ ಇಟಾಲಿಯನ್ನಿಗೆ ಹೊರಳುವುದು ಕೇಳುತ್ತದೆ. ರಫ್ತಿನ ಪ್ರತಿಯಲ್ಲಿ ಕತ್ತರಿ ಬಿದ್ದ ಜಾಗಗಳು ಅವು.

ಯಾವುದು ಸರಿಯಾದ ರೂಪ ಎಂಬ ಜಗಳ ಮುಗಿದಿಲ್ಲ. ‘ಕ್ರಿಸ್ಟಲ್ ಪ್ಲೂಮೇಜ್’ ಚಿತ್ರದ ಛಾಯಾಗ್ರಾಹಕ ವಿತ್ತೋರಿಯೊ ಸ್ತೊರಾರೊ ಎಲ್ಲ ಚಿತ್ರಗಳಿಗೂ ಅಗಲ ಎತ್ತರದ ಎರಡು ಪಟ್ಟಿರಬೇಕು ಎಂಬ ವಾದದವರು. 2011ರ ಆ್ಯರೊ ಬ್ಲೂರೇ ಅವರ ಇಷ್ಟದಂತೆ ಬಂದು, ಅಂಚುಗಳನ್ನು ಕಳೆದುಕೊಂಡಿತು. ಅದೇ ಸಂಸ್ಥೆ 2017ರಲ್ಲಿ ಮೂಲ ನೆಗೆಟಿವಿನಿಂದ 4ಕೆ ಪುನರುದ್ಧಾರ ಮಾಡಿಸಿ ಹಳೆಯ ಅಗಲಕ್ಕೆ ಮರಳಿತು. ಛಾಯಾಗ್ರಾಹಕರ ಮಾತಿಗೆ ಗೌರವವಿದೆ, ಆದರೆ 1970ರಲ್ಲಿ ಪರದೆಗೆ ಬಂದ ಚೌಕಟ್ಟೇ ಸರಿ. ಫಿಲ್ಮಿನ ಕಾಳನ್ನು ಕಂಪ್ಯೂಟರಿನಿಂದ ಉಜ್ಜಿ ಮುಖಗಳನ್ನು ಮೇಣದಂತೆ ನುಣುಪಾಗಿಸುವುದು ಇದಕ್ಕಿಂತ ದೊಡ್ಡ ತಪ್ಪು. ಹಾಗೆ ಅಳಿಸಿದ ವಿವರ ಆ ಡಿಸ್ಕಿಗೆ ಮತ್ತೆ ಬರುವುದಿಲ್ಲ.

ಇಟಲಿಯ ಹಳೆಯ ಚಿತ್ರಗಳನ್ನು ಸ್ಕ್ಯಾನ್ ಮಾಡುವ ಪ್ರಮುಖ ಪ್ರಯೋಗಾಲಯ ಬೊಲೋನ್ಯಾ ನಗರದ ಲಿಮ್ಮಾಜಿನೆ ರಿತ್ರೊವಾತಾ. ಕನ್ನಡಿಗರಿಗೂ ಅದರ ಋಣವಿದೆ: ಗಿರೀಶ ಕಾಸರವಳ್ಳಿ ಅವರ ‘ಘಟಶ್ರಾದ್ಧ’ (1977) ಅಲ್ಲೇ ಪುನರುದ್ಧಾರಗೊಂಡು 2024ರ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು.

ಜಾಲೊ ಡಿಸ್ಕು ಕೊಳ್ಳುವವರು ಹೊದಿಕೆಯ ಬೆಡಗಿಗೆ ಮರುಳಾಗದೆ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಬೇಕು. ಸ್ಕ್ಯಾನ್ ಆದದ್ದು ಮೂಲ ನೆಗೆಟಿವಿನಿಂದಲೋ ಪ್ರಿಂಟಿನಿಂದಲೋ, ಚಿತ್ರ ಎಷ್ಟು ನಿಮಿಷದ್ದು ಎಂಬುದು ಸಾಮಾನ್ಯವಾಗಿ ಅಲ್ಲಿರುತ್ತದೆ.