ಎತ್ತುವುದು ಬೇರೆ, ಹೊರುವುದು ಬೇರೆ

ಡಿಕ್ಕಿಯಲ್ಲಿ ಸ್ಟೆಪ್ನಿಯ ಪಕ್ಕ ಧೂಳು ತಿನ್ನುತ್ತ ಬಿದ್ದಿರುವ ಜಾಕ್‌ನ ಕುಲಗೋತ್ರ ಕೇಳಲು ಹೊರಟರೆ ಸ್ವಲ್ಪ ದೂರವೇ ಹೋಗಬೇಕಾಗುತ್ತದೆ. ಮೊದಲು ಫ್ರಾನ್ಸ್, ಅಲ್ಲಿಂದ ಲಂಡನ್, ಆಮೇಲೆ ವೇಲ್ಸಿನ ಒಂದು ರೈಲು ಸೇತುವೆ. ಪುಣೆಯ ನಮ್ಮ ಸೊಸೈಟಿಯಲ್ಲಿ ಈಗ ಹುಡುಗರೆಲ್ಲ ಯೂಟ್ಯೂಬ್ ನೋಡಿ ಮನೆಯಲ್ಲೇ ಬ್ರೇಕ್ ಪ್ಯಾಡ್ ಬದಲಿಸುವ ಹುಮ್ಮಸ್ಸಿನಲ್ಲಿದ್ದಾರೆ. ಒಳ್ಳೆಯದೇ. ಆದರೆ ಎರಡು ಟನ್ ಆಸುಪಾಸಿನ ಎಸ್‌ಯುವಿಯನ್ನು ಬರೀ ಜಾಕ್ ಮೇಲೆ ನಿಲ್ಲಿಸಿ ಕೆಳಗೆ ತಲೆ ತೂರಿಸುವುದನ್ನು ಕಂಡಾಗ ಎದೆ ಝಲ್ ಎನ್ನುತ್ತದೆ. ಅದಕ್ಕೇ ಈ ಚರಿತ್ರೆ.

ಮುಚ್ಚಿದ ಪಾತ್ರೆಯೊಳಗಿನ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಅಂತ ಹೇಳಿದವನು ಬ್ಲೇಸ್ ಪ್ಯಾಸ್ಕಲ್. ಅವನ ಆ ಗ್ರಂಥ ಅಚ್ಚಾಗಿದ್ದು ಅವನು ತೀರಿಕೊಂಡ ಮರುವರ್ಷ, 1663ರಲ್ಲಿ. ಶಾಲೆಯಲ್ಲಿ ನಾವೆಲ್ಲ ಉರು ಹೊಡೆದ ನಿಯಮವೇ. ಒಂದು ಸೆಂಟಿಮೀಟರ್ ವ್ಯಾಸದ ಸಣ್ಣ ಕೊಂತದಿಂದ ಒತ್ತಿ, ಮೂರು ಸೆಂಟಿಮೀಟರ್ ವ್ಯಾಸದ ಇನ್ನೊಂದನ್ನು ಎಬ್ಬಿಸಿದರೆ ಬಲ ಒಂಬತ್ತು ಪಟ್ಟು. ಅದರ ಮೇಲೆ ಹಿಡಿಕೆಯ ಉದ್ದದ ಲಾಭ ಬೇರೆ. ಇದನ್ನು ಯಂತ್ರ ಮಾಡಿ 1795ರಲ್ಲಿ ಪೇಟೆಂಟ್ ಪಡೆದವನು ಜೋಸೆಫ್ ಬ್ರಾಮಾ. ಲಂಡನ್ನಿನಲ್ಲಿ ಬೀಗ ಮಾಡಿ ಹೆಸರು ಗಳಿಸಿದವನು.

ಲೆಕ್ಕ ಸರಿಯಿತ್ತು, ನೀರು ಮಾತ್ರ ಕೇಳಬೇಕಲ್ಲ! ಒತ್ತಡ ಏರಿದಂತೆಲ್ಲ ಕೊಂತದ ಸುತ್ತಲಿನ ಸಂದಿಯಿಂದ ಚಿಮ್ಮುತ್ತಿತ್ತು. ಗಟ್ಟಿಯಾಗಿ ಬಿಗಿದರೆ ಕೊಂತವೇ ಅಲ್ಲಾಡುತ್ತಿರಲಿಲ್ಲ. ಕೊನೆಗೆ ಗಂಟು ಬಿಡಿಸಿದ್ದು ಒಂದು ಚರ್ಮದ ಬಳೆ. ಒತ್ತಡ ಹೆಚ್ಚಿದಷ್ಟೂ ತಾನೇ ಅಗಲವಾಗಿ ಸಂದಿಯನ್ನು ಮುಚ್ಚುವ ಈ ಉಪಾಯ ಬ್ರಾಮಾನ ಕಾರ್ಖಾನೆಯಲ್ಲಿದ್ದ ಹೆನ್ರಿ ಮಾಡ್‌ಸ್ಲೇಯದು ಅನ್ನುತ್ತಾರೆ. 1851ರಲ್ಲಿ ನ್ಯೂಯಾರ್ಕಿನ ರಿಚರ್ಡ್ ಡಜನ್ ಕೈಯಲ್ಲಿ ಹೊತ್ತೊಯ್ಯುವಂಥ ಹೈಡ್ರಾಲಿಕ್ ಜಾಕ್‌ಗೆ ಪೇಟೆಂಟ್ ಪಡೆದ. ಇವತ್ತು ಗ್ಯಾರೇಜಿನಲ್ಲಿ ಕಾಣುವ ಬಾಟಲ್ ಜಾಕ್ ಇದೇ ವಂಶದ್ದು. ಚರ್ಮದ ಜಾಗಕ್ಕೆ ರಬ್ಬರ್ ಬಂದಿದೆ, ಅಷ್ಟೇ. ಅಂದರೆ ಇವತ್ತಿಗೂ ನಿಮ್ಮ ಗಾಡಿ ಗಾಳಿಯಲ್ಲಿ ನಿಂತಿರುವುದು ಬೆರಳುಂಗುರದಷ್ಟು ರಬ್ಬರಿನ ಭರವಸೆಯ ಮೇಲೆ.

ತಮಾಷೆ ಎಂದರೆ ಯಾವ ಬ್ರೇಕ್ ರಿಪೇರಿಗೆ ಗಾಡಿ ಎತ್ತುತ್ತೇವೋ ಆ ಬ್ರೇಕ್ ಕೂಡ ಅದೇ ಪ್ಯಾಸ್ಕಲ್ ಮನೆಯ ಕೂಸು. ನಾಲ್ಕೂ ಚಕ್ರಗಳಿಗೆ ಹೈಡ್ರಾಲಿಕ್ ಬ್ರೇಕ್ ಹಾಕಿ 1921ರಲ್ಲಿ ಮಾರಿದವರು ಅಮೆರಿಕದ ಡ್ಯೂಸೆನ್‌ಬರ್ಗ್. ಅದರ ಹಿಂದಿದ್ದ ತಲೆ ಮಾಲ್ಕಮ್ ಲಾಕ್‌ಹೀಡ್, ವಿಮಾನ ಕಂಪನಿಯ ಹೆಸರಿನಲ್ಲಿರುವ ಅದೇ ಲಾಕ್‌ಹೀಡ್ ಮನೆಯವನು. ಆ ಬ್ರೇಕಿಗೂ ಹತ್ತಿದ ರೋಗ ಸೋರಿಕೆಯೇ. ಕ್ರೈಸ್ಲರ್‌ನ ಎಂಜಿನಿಯರುಗಳು ಚರ್ಮ ತೆಗೆದು ರಬ್ಬರ್ ಹಾಕಿದ ಮೇಲೆ ಅದು ಹತೋಟಿಗೆ ಬಂತು.

ಈಗ ವೇಲ್ಸಿಗೆ ಬನ್ನಿ. ಮೆನಾಯ್ ಜಲಸಂಧಿಯ ಮೇಲೆ ರಾಬರ್ಟ್ ಸ್ಟೀಫನ್ಸನ್ ಬ್ರಿಟಾನಿಯಾ ಸೇತುವೆ ಕಟ್ಟಿಸುತ್ತಿದ್ದ. ಒಳಗೇ ರೈಲು ಓಡುವಂಥ ಕಬ್ಬಿಣದ ಕೊಳವೆಗಳು. ದೊಡ್ಡದೊಂದೊಂದೂ ಸಾವಿರದೈನೂರು ಟನ್ ಮೇಲ್ಪಟ್ಟು ತೂಗುತ್ತಿದ್ದವು. ಅವನ್ನು ನೀರಿನಲ್ಲಿ ತೇಲಿಸಿ ತಂದು ಬ್ರಾಮಾನ ಮಾದರಿಯ ಹೈಡ್ರಾಲಿಕ್ ಪ್ರೆಸ್ಸುಗಳಿಂದ ಮೇಲಕ್ಕೆತ್ತಬೇಕು. ಸ್ಟೀಫನ್ಸನ್ ಒಂದು ಹಟ ಹಿಡಿದ. ಕೊಳವೆ ಒಂದಿಷ್ಟು ಮೇಲೆ ಹೋದ ಕೂಡಲೇ ಅದರಡಿಗೆ ಅಷ್ಟಕ್ಕಷ್ಟು ಆಸರೆ ತುಂಬುತ್ತ ಬರಬೇಕು ಅಂತ. ಕೆಲಸ ನಿಧಾನವಾಯಿತು. ಆದರೆ 1849ರ ಆಗಸ್ಟ್‌ನಲ್ಲಿ ಪ್ರೆಸ್ಸಿನ ಸಿಲಿಂಡರಿನ ಬುಡವೇ ಒಡೆದು ಹಾರಿತು. ಕೊಳವೆ ಬಿತ್ತು, ಬಿದ್ದದ್ದು ಕೆಲವೇ ಇಂಚು! ಅಡಿಗಿದ್ದ ಆಸರೆ ಹಿಡಿದುಕೊಂಡಿತು. ಇಲ್ಲದಿದ್ದರೆ ಅಷ್ಟೂ ಕಬ್ಬಿಣ ನೀರಿನ ಪಾಲಾಗುತ್ತಿತ್ತು. 1850ರಲ್ಲಿ ಅದೇ ಸೇತುವೆಯ ಮೇಲೆ ರೈಲು ಓಡಿತು.

(ಅಂದಹಾಗೆ, ಪುಣೆಯಿಂದ ಮುಂಬೈಗೆ ಹೋಗುವಾಗ ನಾವು ಇಳಿಯುವ ಬೋರ್ ಘಾಟ್ ರೈಲುದಾರಿಯ ಮುಖ್ಯ ಎಂಜಿನಿಯರ್ ಜೇಮ್ಸ್ ಬರ್ಕ್ಲಿ ಇದೇ ಸ್ಟೀಫನ್ಸನ್ನನ ಕಚೇರಿಯಲ್ಲಿ ಪಳಗಿದವನು. 1863ರಲ್ಲಿ ಆ ದಾರಿ ತೆರೆಯಿತು.)

ನಮ್ಮ ಕಡೆ ಇದನ್ನು ಹೇಳಿಕೊಡಲು ಸ್ಟೀಫನ್ಸನ್ ಬೇಕಿರಲಿಲ್ಲ ಬಿಡಿ. ಧಾರವಾಡದ ಹತ್ತಿರದ ನಮ್ಮೂರಲ್ಲಿ ಚಕ್ಕಡಿಗೆ ಕೀಲೆಣ್ಣೆ ಹಾಕುವಾಗ ಸನ್ನೆಗೋಲಿನಿಂದ ಎತ್ತುವವರು ಇಬ್ಬರು, ಅಚ್ಚಿನ ಕೆಳಗೆ ಮರದ ತುಂಡು ಕೊಡುವವನು ಮೂರನೆಯವನು. ತುಂಡು ಕೂತ ಮೇಲಷ್ಟೇ ಗಾಲಿ ಕಳಚುತ್ತಿದ್ದರು. ಆ ಮೂರನೆಯವನ ಕೆಲಸವನ್ನು ಇಂದು ಮಾಡುವುದೇ ಜಾಕ್ ಸ್ಟ್ಯಾಂಡ್. ಅದರೊಳಗೆ ಎಣ್ಣೆಯಿಲ್ಲ, ರಬ್ಬರಿಲ್ಲ, ಕೈತಪ್ಪಿ ಸಡಿಲಾಗುವ ವಾಲ್ವ್ ಇಲ್ಲ. ಗಾಡಿಯೊಟ್ಟಿಗೆ ಬರುವ ತಿರುಪು ಜಾಕ್ ಸೋರುವುದಿಲ್ಲ, ನಿಜ. ಆದರೆ ಅದರ ಪಾದ ಚಿಕ್ಕದು, ವಾಲಿಬಿಡುತ್ತದೆ. ಇಟ್ಟಿಗೆ, ಟೊಳ್ಳು ಸಿಮೆಂಟ್ ಬ್ಲಾಕುಗಳಂತೂ ಬೇಡವೇ ಬೇಡ. ಅವು ಹೇಳದೆ ಕೇಳದೆ ಪುಡಿಯಾಗುತ್ತವೆ.

ಗಾಡಿ ಬೀಳುವುದಕ್ಕಿಂತ ಮೊದಲು ಉರುಳುತ್ತದೆ, ಇದನ್ನೂ ಹೇಳಬೇಕು. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುತ್ತಿದ್ದುದು ಚಕ್ರವನ್ನಲ್ಲ, ಹಿಂದಕ್ಕೆ ಹೋಗುವ ಶಾಫ್ಟನ್ನು. ಹಿಂದಿನ ಒಂದು ಚಕ್ರ ನೆಲ ಬಿಟ್ಟಿತೋ, ಡಿಫರೆನ್ಷಿಯಲ್ಲಿನ ದೆಸೆಯಿಂದ ಅದು ಗಾಳಿಯಲ್ಲಿ ಹಿಂದಕ್ಕೆ ತಿರುಗಿ, ನೆಲದ ಮೇಲಿರುವ ಇನ್ನೊಂದು ಚಕ್ರಕ್ಕೆ ದಾರಿ ಬಿಡುತ್ತದೆ. ಹ್ಯಾಂಡ್‌ಬ್ರೇಕ್ ಎಳೆದಿದ್ದರೂ ಜೀಪು ಹೊರಟೇ ಬಿಡಬಹುದು. ಗೇರಿನಲ್ಲಿ ನಿಲ್ಲಿಸಿದ ಗಾಡಿಗೂ ಇದೇ ಕಥೆ. ಆದ್ದರಿಂದ ನೆಲದಲ್ಲಿರುವ ಚಕ್ರಗಳ ಎರಡೂ ಬದಿಗೆ ಬೆಣೆ ಬೇಕು. ನಮ್ಮ ತೇರಿನ ಗಾಲಿಗೆ ಕೊಡುತ್ತಾರಲ್ಲ, ಹಾಗೆ.

ಹೋದ ವರ್ಷ ನಮ್ಮ 2011ರ ಸಫಾರಿಯ ಮುಂದಿನ ಪ್ಯಾಡ್ ಬದಲಿಸಿದ್ದು ಮಗ. ನಾನು ಮೇಸ್ತ್ರಿ! ಪಾರ್ಕಿಂಗಿನ ಪೇವರ್ ಬ್ಲಾಕ್ ಭಾರಕ್ಕೆ ಕುಸಿಯುತ್ತವೆಂದು ಗಾಡಿಯನ್ನು ಕಾಂಕ್ರೀಟ್ ನೆಲಕ್ಕೆ ತಂದೆವು. ಚಕ್ರದ ನಟ್ಟುಗಳನ್ನು ಗಾಡಿ ನೆಲದ ಮೇಲಿರುವಾಗಲೇ ಅರ್ಧ ಸಡಿಲಿಸಿಕೊಂಡ. ಎತ್ತಿ, ಸ್ಟ್ಯಾಂಡ್ ಕೊಟ್ಟು, ಜಾಕ್ ಇಳಿಸಿ ಭಾರವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿದ. ಚಕ್ರ ಬಿಚ್ಚುವ ಮೊದಲೇ ಇಬ್ಬರೂ ಸೇರಿ ಗಾಡಿಯನ್ನು ಜೋರಾಗಿ ಅಲ್ಲಾಡಿಸಿದೆವು. ಬೀಳುವುದಿದ್ದರೆ ಈಗಲೇ ಬೀಳಲಿ ಅಂತ. ಬಿಚ್ಚಿದ ಚಕ್ರ ಕೂಡ ಚಾಸಿಯ ಕೆಳಗೇ ಹೋಯಿತು, ಎರಡನೆಯ ಆಸರೆಯಾಗಿ. ಕ್ಯಾಲಿಪರನ್ನು ರಬ್ಬರ್ ಪೈಪಿನ ಮೇಲೆ ಜೋತುಬಿಡದೆ ತಂತಿಯಿಂದ ಕಟ್ಟಿದ. ಕೆಲಸವೆಲ್ಲ ಮುಗಿದು ಗಾಡಿ ಹೊರಡಿಸುವ ಮುನ್ನ ಪೆಡಲ್ ಗಟ್ಟಿಯಾಗುವವರೆಗೆ ತುಳಿದ. ಹೊಸ ಪ್ಯಾಡ್ ಹಾಕಿದ ಮೇಲಿನ ಮೊದಲ ತುಳಿತಕ್ಕೆ ಬ್ರೇಕ್ ಇರುವುದೇ ಇಲ್ಲ, ಗೊತ್ತಿರಲಿ.

ಸ್ಟ್ಯಾಂಡ್ ಎಲ್ಲಿ ಕೊಡಬೇಕು ಎನ್ನುವುದಕ್ಕೂ ಚರಿತ್ರೆ ಅಡ್ಡ ಬರುತ್ತದೆ ನೋಡಿ. ಇದೇ ಪುಣೆಯಿಂದ 1998ರಲ್ಲಿ ಹೊರಬಂದ ಹಳೆಯ ಸಫಾರಿಗೆ ಲಾರಿಯಂತೆ ಏಣಿ ಚಾಸಿ. ಅದರ ಉದ್ದುದ್ದ ತೊಲೆಗೇ ಆಸರೆ ಕೊಡಬಹುದು. 2021ರಲ್ಲಿ ಅದೇ ಹೆಸರಿನಲ್ಲಿ ಬಂದ ಗಾಡಿಗೆ ಬೇರೆ ಚಾಸಿಯೇ ಇಲ್ಲ, ಬಾಡಿಯೇ ಎಲ್ಲ. ಅಲ್ಲಿ ಕಂಪನಿ ಗುರುತು ಮಾಡಿದ ಜಾಗ ಬಿಟ್ಟು ಬೇರೆ ಕಡೆ ಕೊಟ್ಟರೆ ತಗಡು ಒಳಗೆ ಹೋಗುತ್ತದೆ. ಹೆಸರು ಒಂದೇ ಅಂತ ನನ್ನ ಗಾಡಿ ನೋಡಿ ನಿಮ್ಮದನ್ನು ಎತ್ತಬೇಡಿ, ಗಾಡಿಯ ಜೊತೆ ಕೊಟ್ಟ ಪುಸ್ತಕ ತೆಗೆಯಿರಿ.