ಬಡಕಲು ಅಂದೋರೇ ಈಗ ಡುಮ್ಮ ಅಂತಾವ್ರೆ

ಹೋದ ವಾರ ಆಫೀಸಲ್ಲಿ ಊಟದ ಹೊತ್ತು. ಪಕ್ಕದ ಟೇಬಲ್ಲಿನವರು ಪೇಪರ್ ಮಡಚಿಟ್ಟು, "ಏನ್ ಸಾರ್, ಮೊದ್ಲು ನಿಮ್ ಕಡೆ ಮಕ್ಳು ಬಡಕಲು ಅಂತ ಹೋರಾಟ ಮಾಡ್ತಿದ್ರಿ. ಈಗ ಅಕ್ಕಿ ಫ್ರೀ, ಹಾಲು ಫ್ರೀ, ಮೊಟ್ಟೆ ಫ್ರೀ. ಡುಮ್ಮ ಆಗ್ದೆ ಇನ್ನೇನಾಗ್ತಾವೆ?" ಅಂದ್ರು. ಸುತ್ತ ಕೂತವರು ನಕ್ಕರು. ನಾನು ಡಬ್ಬಿ ಮುಚ್ಚಿ ಎದ್ದು ಬಂದೆ. ಅವತ್ತು ಉತ್ತರ ಕೊಡಲಿಲ್ಲ. ಇಲ್ಲಿ ಕೊಡ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ.

ಅವತ್ತು ಸುಮ್ಮನಾಗಿದ್ದಕ್ಕೆ ಕಾರಣ ಇದೆ. ನನ್ನ ತಂಗಿ ಮಗ, 12 ವರ್ಷ. ಸ್ಕೂಲಲ್ಲಿ ಆರೋಗ್ಯ ತಪಾಸಣೆ ಮಾಡಿ ತೂಕ ಜಾಸ್ತಿ ಅಂತ ಚೀಟಿ ಕೊಟ್ಟಿದ್ದಾರೆ. ಅವನ ತಂಗಿಗೆ ರಕ್ತ ಕಮ್ಮಿ ಅಂತ ಮಾತ್ರೆ. ಒಂದೇ ಮನೆ, ಒಂದೇ ಒಲೆ. ಹುಡುಗ ನನ್ನ ಹತ್ರ ಬಂದು, "ಮಾವ, ಎಲ್ರೂ ಡುಮ್ಮ ಅಂತಾರೆ. ನಾನು ಸ್ಕೂಲಲ್ಲಿ ಮೊಟ್ಟೆ ತಿನ್ನೋದು ಬಿಟ್ಬಿಟ್ಟೆ" ಅಂದ.

ಆ ಮಾತು ಕೇಳಿ ಎದೆ ಧಸಕ್ ಅಂತು. ಆ ಮೊಟ್ಟೆ ಎಲ್ಲಿಂದ ಬಂತು ಅಂತ ಅವನಿಗೆ ಗೊತ್ತಿಲ್ಲ. ನಮ್ಮಲ್ಲೂ ಬಹಳ ಜನಕ್ಕೆ ಗೊತ್ತಿಲ್ಲ.

1920ರಲ್ಲಿ ಮದ್ರಾಸ್ ಕಾರ್ಪೊರೇಶನ್, ಜಸ್ಟೀಸ್ ಪಕ್ಷದ ಪಿ. ತ್ಯಾಗರಾಯ ಚೆಟ್ಟಿಯವರ ಕಾಲದಲ್ಲಿ, ಥೌಸಂಡ್ ಲೈಟ್ಸ್ ಪ್ರದೇಶದ ಶಾಲೆಯಲ್ಲಿ ಮಕ್ಕಳಿಗೆ ತಿಂಡಿ ಕೊಡಲು ಶುರು ಮಾಡಿತು. ಒಂದು ಮಗುವಿಗೆ ದಿನಕ್ಕೆ ಒಂದಾಣೆ ಮೀರದ ಖರ್ಚು. ಹಸಿದ ಮಗು ಕಲಿಯಲ್ಲ ಅನ್ನೋ ಸತ್ಯವನ್ನು ನೂರು ವರ್ಷದ ಹಿಂದೆಯೇ ಬ್ರಾಹ್ಮಣೇತರ ಚಳವಳಿ ಆಡಳಿತದ ಲೆಕ್ಕಕ್ಕೆ ತಂದಿತ್ತು.

ನಾನು 80ರ ದಶಕದಲ್ಲಿ ಪ್ರೈಮರಿ ಓದಿದೋನು. ನಮ್ಮ ಸ್ಕೂಲಲ್ಲಿ ಬಿಸಿಯೂಟ ಇರಲಿಲ್ಲ. ಮಧ್ಯಾಹ್ನದ ಬೆಲ್ಲಾದರೆ ಕೇರಿ ಹುಡುಗರು ಬೋರ್‌ವೆಲ್ ನೀರು ಕುಡಿದು ಮರದಡಿ ಕೂರ್ತಿದ್ವಿ. 1995ರಲ್ಲಿ ಕೇಂದ್ರದ ಯೋಜನೆ ಬಂತು. ಹಾಜರಾತಿ ಸರಿ ಇದ್ದರೆ ತಿಂಗಳಿಗೆ 3 ಕೆ.ಜಿ. ಧಾನ್ಯ. ನನ್ನ ತಂಗಿ ಆ ಅಕ್ಕಿಯನ್ನು ಲಂಗದಲ್ಲಿ ಕಟ್ಟಿಕೊಂಡು ಬರ್ತಿದ್ಲು. ಅದು ಅವಳ ಪಾಲಿನದು. ಆದರೆ ಮನೆಯ ಐದು ಹೊಟ್ಟೆಗೆ ಹಂಚಿಹೋಗ್ತಿತ್ತು.

ಮಗುವಿನ ತಟ್ಟೆಗೇ ಊಟ ಬೀಳೋ ಹಂಗಾಗಿದ್ದು ಕೋರ್ಟಿನಿಂದ. ಪಿಯುಸಿಎಲ್ ಹಾಕಿದ ಆಹಾರದ ಹಕ್ಕಿನ ಕೇಸಲ್ಲಿ ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಬೇಯಿಸಿದ ಊಟವನ್ನೇ ಕೊಡಿ, ಕನಿಷ್ಠ 300 ಕ್ಯಾಲರಿ, 8ರಿಂದ 12 ಗ್ರಾಂ ಪ್ರೋಟೀನ್ ಇರಲಿ ಅಂತ ಆದೇಶ ಮಾಡಿತು. 2002ರಲ್ಲಿ ಉತ್ತರ ಕರ್ನಾಟಕದ ಹಿಂದುಳಿದ ಜಿಲ್ಲೆಗಳಿಂದ ಅಕ್ಷರ ದಾಸೋಹ ಶುರುವಾಯ್ತು. 2004ರಲ್ಲಿ ಅದೇ ಕೋರ್ಟ್ ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಆದಿವಾಸಿಗಳಿಗೆ ಆದ್ಯತೆ ಕೊಡಿ ಅಂತು. ನಮ್ಮ ಹೆಣ್ಣುಮಕ್ಕಳು ಸೌಟು ಹಿಡಿದಾಗ ಎಷ್ಟೋ ಊರಲ್ಲಿ ಮಕ್ಕಳನ್ನು ಊಟದಿಂದ ಎಬ್ಬಿಸಿಕೊಂಡು ಹೋದರು. ಅದೂ ಈ ತಟ್ಟೆಯ ಚರಿತ್ರೆಯೇ.

ಆಮೇಲೆ ಮೊಟ್ಟೆಯ ಕಥೆ. 2007ರಲ್ಲಿ ಪ್ರಸ್ತಾಪ ಬಂತು, ಧಾರ್ಮಿಕ ವಲಯದ ವಿರೋಧಕ್ಕೆ ಕೈಬಿಟ್ಟರು. 2013ರಲ್ಲಿ ಕ್ಷೀರಭಾಗ್ಯ ಬಂತು, ಹಾಲಿಗೆ ಯಾರೂ ಅಡ್ಡ ಬರಲಿಲ್ಲ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಕಡೆ ಮೊಟ್ಟೆ ಕೊಟ್ಟಾಗ ಮತ್ತೆ ಮಠಗಳಿಂದ ವಿರೋಧ. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇಟ್ಟೇ ಇತ್ತು, ಆದರೂ ತಿನ್ನೋ ಮಕ್ಕಳಿಗೂ ಬೇಡ ಅನ್ನೋ ಹಟ. ಗಂಗಾವತಿಯ ಶಾಲಾ ಹುಡುಗಿಯರು ಎದ್ದು ನಿಂತು ನಮಗೆ ಮೊಟ್ಟೆ ಬೇಕು ಅಂದರು. ದೊಡ್ಡವರ ಬಾಯಿ ಕಟ್ಟಿದ್ದಾಗ ಆ ಮಕ್ಕಳು ಮಾತಾಡಿದರು. 2022ರಲ್ಲಿ ಅದು ರಾಜ್ಯಕ್ಕೆಲ್ಲ ಬಂತು, 2024ರಲ್ಲಿ ವಾರಕ್ಕೆ ಆರು ದಿನ ಅಂತಾಯ್ತು. ಅಂದರೆ ಒಂದು ಮೊಟ್ಟೆ ನಮ್ಮ ಮಕ್ಕಳ ತಟ್ಟೆ ಮುಟ್ಟೋಕೆ ಈ ರಾಜ್ಯ ಹತ್ತಿರ ಹತ್ತಿರ 15 ವರ್ಷ ತಗೊಂಡಿತು.

ಈಗ ಆ ಸಹೋದ್ಯೋಗಿಯ ಪ್ರಶ್ನೆಗೆ ಬರ್ತೀನಿ. ಮಕ್ಕಳು ಡುಮ್ಮ ಆಗ್ತಿರೋದು ಮೊಟ್ಟೆಯಿಂದಲಾ?

ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಅದು ಸ್ನಾಯು, ಮೂಳೆ ಬೆಳೆಸೋ ಪದಾರ್ಥ. ನನ್ನ ಅಳಿಯ ತಿನ್ನೋದು 5 ರೂಪಾಯಿ ಪಾಕೀಟು. ಎಣ್ಣೆ, ಉಪ್ಪು, ಹಿಟ್ಟು. ತಂಗಿ ಬೆಳಗ್ಗೆ 6ಕ್ಕೆ ಗಾರ್ಮೆಂಟ್ಸ್‌ಗೆ ಹೊರಟರೆ ರಾತ್ರಿ 7ಕ್ಕೆ ಬರೋದು. ಮಧ್ಯೆ ಆ ಹುಡುಗನ ಕೈಗೆ ಸಿಗೋದು ಅಂಗಡಿ ಮುಂದೆ ತೋರಣ ಕಟ್ಟಿರೋ ಆ ಪಾಕೀಟೇ. ನಮ್ಮವ್ವನ ಕಾಲದ ಹುರುಳಿಕಾಳು, ಬೆರಕೆ ಸೊಪ್ಪು, ಗದ್ದೆ ಏಡಿ, ಕೆರೆ ಮೀನು ಎಲ್ಲಿ? ಅಗ್ಗದ ದನದ ಮಾಂಸಕ್ಕೂ 2020ರ ಕಾಯ್ದೆ ಬೀಗ ಹಾಕಿತು. ಅನ್ನಭಾಗ್ಯವನ್ನು ಹಂಗಿಸೋರ ಜೊತೆ ನಾನಿಲ್ಲ, ಅದು ಹಸಿವು ನಿಲ್ಲಿಸಿದೆ. ಆದರೆ ಬರೀ ಅನ್ನ ಹೊಟ್ಟೆ ತುಂಬಿಸುತ್ತೆ, ಮೈ ಕಟ್ಟಲ್ಲ.

ಇನ್ನೊಂದು ವಿಷಯ. ಮೈಸೂರಿನ ಮಿಷನ್ ಆಸ್ಪತ್ರೆ, ಅಂದರೆ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕದ ದಾಖಲೆ ಇದೆ. ಅಲ್ಲೇ 90ರ ದಶಕದ ಕೊನೆಯಲ್ಲಿ ಹುಟ್ಟಿದ ಮಕ್ಕಳನ್ನು ಸಂಶೋಧಕರು ಅಳೆದು ನೋಡಿದರು. ಯುರೋಪಿನ ಕೂಸಿಗಿಂತ ತೂಕ ಕಮ್ಮಿ, ಸ್ನಾಯು ಕಮ್ಮಿ. ಕೊಬ್ಬು ಮಾತ್ರ ಕಮ್ಮಿ ಇಲ್ಲ. ಅಂದರೆ ಬಡಕಲಾಗಿ ಕಾಣೋ ಕೂಸಿನೊಳಗೇ ಕೊಬ್ಬು ಇರುತ್ತೆ. ತಾಯಿ ಹಸಿದಿದ್ದರೆ ಮಗುವಿನ ಮೈ ಕೂಡಿಡೋದನ್ನೇ ಮೊದಲು ಕಲಿಯುತ್ತೆ ಅಂತ ವಿಜ್ಞಾನಿಗಳು ವಿವರಿಸ್ತಾರೆ. ಇದು ಎಲ್ಲ ಜಾತಿಯ ಮಕ್ಕಳಿಗೂ ಅನ್ವಯಿಸೋ ಮಾತು. ಆದರೆ ತಲೆತಲಾಂತರ ಹಸಿದವರು ಯಾರು ಅಂತ ನಾನು ಹೇಳಬೇಕಾ?

ಹಾಗಂತ ಬಡಕಲು ಹೋಯ್ತಾ? ಇಲ್ಲ. 2016-18ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ ಪ್ರಕಾರ ದೇಶದ 10ರಿಂದ 19ರ ಮಕ್ಕಳಲ್ಲಿ ನೂರಕ್ಕೆ 24 ಮಂದಿ ಬಡಕಲು, 5 ಮಂದಿ ಅತಿತೂಕ. ಎರಡೂ ಒಟ್ಟಿಗೆ ಇವೆ, ನನ್ನ ತಂಗಿ ಮನೆಯಲ್ಲಿ ಇರೋ ಹಾಗೆ.

"ಆಟ ಆಡಿಸಿ" ಅಂದ್ರು ಡಾಕ್ಟ್ರು. ಸರಿ. ಎಲ್ಲಿ? ನಾವು ಚಿಕ್ಕವರಿದ್ದಾಗ ಊರ ದೇವಸ್ಥಾನದ ಮುಂದಿನ ಬಯಲು ನಮ್ಮದಲ್ಲ, ಒಣಗಿದ ಕೆರೆಯಂಗಳವೇ ನಮ್ಮ ಫೀಲ್ಡು. ಈಗ ಟೌನಿನ ಪಾರ್ಕಿಗೆ ಗೇಟು, "ಆಟ ಆಡಬಾರದು" ಅನ್ನೋ ಬೋರ್ಡು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ ಬೇಕು ಅನ್ನುತ್ತೆ. ನನ್ನ ಅಳಿಯನ ಸ್ಕೂಲಲ್ಲಿ ಇರೋದು ಸಿಮೆಂಟಿನ ಅಂಗಳ, ಪಿ.ಟಿ. ಪೀರಿಯಡ್ಡಲ್ಲಿ ಗಣಿತ. ಮಗುವಿಗೆ ದಿನಕ್ಕೆ 60 ನಿಮಿಷ ಮೈ ಬಗ್ಗಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಜೀತಕ್ಕಿದ್ದ ನಮ್ಮಪ್ಪನಿಗೆ ಯಾರೂ ವ್ಯಾಯಾಮ ಮಾಡು ಅಂದಿರಲಿಲ್ಲ, ನೋಡಿ.

ಭಾನುವಾರ ಅಳಿಯನನ್ನು ಕೂರಿಸಿಕೊಂಡು ಇಷ್ಟೂ ಹೇಳಿದೆ. ಸುಮ್ಮನೆ ಕೇಳಿದ. ಕೊನೆಗೆ, "ಹಂಗಾದ್ರೆ ಪಾಕೀಟು ಬಿಡಬೇಕಾ, ಮೊಟ್ಟೆ ತಿನ್ಬೇಕಾ?" ಅಂದ. ಹೌದಪ್ಪ, ಅಷ್ಟೇ ಅಂದೆ. ಸೋಮವಾರ ತಿಂದನಂತೆ.

ಗೆಳೆಯರೇ, ನಿಮ್ಮೂರ ಶಾಲೆಗೆ ಒಂದು ಸಲ ಹೋಗಿ ಬನ್ನಿ. ಆರು ದಿನವೂ ಮೊಟ್ಟೆ ಬರ್ತಿದೆಯಾ, ಆಟದ ಪೀರಿಯಡ್ ನಡೀತಿದೆಯಾ ಕೇಳಿ. ಎಸ್‌ಡಿಎಂಸಿ ಸಭೆಯಲ್ಲಿ ಬಾಯಿ ಬಿಡಿ. ಯಾವ ಮಗುವನ್ನೂ ಅದರ ಮೈ ನೋಡಿ ಹಂಗಿಸಬೇಡಿ. ಮೈ ನೋಡಿ ಹಂಗಿಸೋದು ಏನು ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಜೈ ಭೀಮ್.